ಏಳನೆಯ ಮಗ್ಗದ ಕೆಳಗಿನ ರಬ್ಬರು

ಮಹಲ್ಲಾ ಅಲ್-ಕುಬ್ರಾ
ಶನಿವಾರ, 12 ನವೆಂಬರ್ 1983

ಮಗಳು ರಾವಿಯಾಳಿಗೆ,

ನಿನ್ನ ಮೇಲೂ ನಿನ್ನ ಗಂಡನ ಮೇಲೂ ದೇವರ ಶಾಂತಿ ಇರಲಿ.

ಬರೆಯುತ್ತಿರುವವಳು ಇನ್ಶಿರಾಹ್. ಮುಅಲ್ಲಿಂ ಬಯೂಮಿಯ ವಿಧವೆ, ಹದಿನೆಂಟು ಮಗ್ಗಗಳ ಒಡತಿ, ಈ ಓಣಿಯಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹೆಣ್ಣು. ಇಪ್ಪತ್ತೊಂಬತ್ತು ವರ್ಷ ಶೆಡ್ಡಿಗೆ ಬೆನ್ನು ಹಾಕಿ ಅಂಗಳದ ಕುರ್ಚಿಯಲ್ಲಿ ಕೂತು, ಒಳಗಿನ ಗಂಡಸರನ್ನು ತಿರುಗಿಯೂ ನೋಡದೆ ಆಳಿದವಳು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದೆ, ಏಕೆಂದರೆ ನಿನ್ನ ಗಂಡ ಮಮ್ದೂಹನ ಕಾಗದ ಓದಿದರೆ ಕುವೈತಿಗೆ ಹೋದ ಮೇಲೆ ನಾನು ಯಾರೆಂಬುದನ್ನು ನೀವಿಬ್ಬರೂ ಮರೆತಂತಿದೆ.

ಆ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾದದ್ದು ನನ್ನ ತಪ್ಪು. ತಪ್ಪು ಎಂಬ ಮಾತನ್ನು ನಾನು ಬರೆಯುವುದು ಅಪರೂಪ, ಎತ್ತಿಟ್ಟುಕೋ. ನನ್ನ ಧ್ವನಿ ಇನ್ನು ನಿನಗೆ ಬೇಡವಂತೆ, ನನ್ನ ಎದೆಯಲ್ಲಿರುವುದು ಕಲ್ಲಂತೆ. ಹಾಗೆಂದು ಬರೆದಿದ್ದಾನೆ. ಅದಕ್ಕೆ ಉತ್ತರ ಕೊನೆಯಲ್ಲಿ ಕೊಡುತ್ತೇನೆ. ಮೊದಲು ಶೆಡ್ಡಿನ ಸುದ್ದಿ ಕೇಳು. ಇದು ತಿಳಿಯದೆ ಅದು ನಿನಗೆ ತಿಳಿಯುವುದಿಲ್ಲ. ನಿನ್ನ ತಮ್ಮ ಹಿಲ್ಮಿ ಈಗ ಮನೆಯಲ್ಲಿಲ್ಲ. ಅದೂ ಇದರಲ್ಲೇ ಬರುತ್ತದೆ.

ನೀನು ಚಿಕ್ಕವಳಿದ್ದಾಗ ನನಗೆ ಚಹಾ ತಂದು ಕುರ್ಚಿಯ ಪಕ್ಕ ನಿಲ್ಲುತ್ತಿದ್ದೆ. ಒಳಗೆ ಹದಿನೆಂಟು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ನಾನು ಕೋಲು ಕುಟ್ಟಿ "ಹನ್ನೊಂದನೇದು! ಎಳೆ ಹೋಯ್ತು!" ಎಂದು ಕೂಗಿದರೆ ನೀನು ಓಡಿಹೋಗಿ ನೋಡಿ ಬರುತ್ತಿದ್ದೆ. ಒಮ್ಮೆಯೂ ನಾನು ತಪ್ಪಲಿಲ್ಲ. ನೇಕಾರನ ಕಣ್ಣಿಗೆ ಕಾಣುವ ಮೊದಲೇ ನನ್ನ ಕಿವಿಗೆ ಬೀಳುತ್ತಿತ್ತು. ಓಣಿಯ ತಾಯಂದಿರು ಮಕ್ಕಳನ್ನು ಹೆದರಿಸುತ್ತಿದ್ದುದೇ ಹಾಗೆ: "ಪಿಸುಗುಟ್ಟಬೇಡ, ಹಾಜ್ಜಾಗೆ ಕೇಳ್ಸುತ್ತೆ."

ಆ ಕಿವಿ ಸತ್ತು ಆರು ವರ್ಷವಾಯಿತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಗ್ಗದ ಸದ್ದೇ ಕಿವಿಯನ್ನು ತಿಂದಿತು ಎಂದು ಟಾಂಟಾದ ಡಾಕ್ಟರು ಹೇಳಿದ. ಎದುರು ನಿಂತವರ ಮಾತನ್ನು ತುಟಿ ನೋಡಿ ಹಿಡಿಯುವುದನ್ನು ಕಲಿತೆ. ಮಗ್ಗಗಳನ್ನು ಹಿಡಿದದ್ದು ಅಂಗಾಲಿನಲ್ಲಿ. ಚಪ್ಪಲಿ ಬಿಟ್ಟು ಅಂಗಳದ ಕಲ್ಲಿನ ಮೇಲೆ ಪಾದವೂರಿದರೆ ಒಂದೊಂದು ಮಗ್ಗದ ಬಡಿತವೂ ನೆಲದೊಳಗಿಂದ ಬೇರೆಬೇರೆಯಾಗಿ ಬರುತ್ತಿತ್ತು. ಎಳೆ ಹೋದ ಮಗ್ಗ ಕುಂಟುತ್ತದೆ. ಆ ಕುಂಟು ನನ್ನ ಹಿಮ್ಮಡಿಗೆ ಗೊತ್ತಾಗುತ್ತಿತ್ತು. ಹಾಜ್ಜಾಗೆ ಉಷ್ಣದ ಮೈ, ಚಳಿಗಾಲದಲ್ಲೂ ಬರಿಗಾಲು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಈ ಮಾರ್ಚಿನಲ್ಲಿ ಪಕ್ಕದ ಮನೆಯ ಉಮ್ಮ್ ಹನಫಿ ಬಂದು ತನ್ನ ಗೋಡೆಯ ಬಿರುಕಿನ ಪುರಾಣ ತೆಗೆದಳು.

"ಹಾಜ್ಜಾ, ನಿಮ್ಮ ಮಗ್ಗ ಬಡಿದಾಗೆಲ್ಲ ನಮ್ಮನೇಲಿ ತಟ್ಟೆ ಕುಣಿಯುತ್ತೆ. ಊಟಕ್ಕೆ ಕೂತ್ರೆ ಫೂಲ್ ಕಾಳಿನ ಬಟ್ಟಲು ತಾನೇ ನನ್ನ ಹತ್ರ ನಡ್ಕೊಂಡು ಬರುತ್ತೆ."

"ಹಂಗಾದ್ರೆ ಬಡಿಸೋ ಕೆಲಸ ತಪ್ಪಿತಲ್ಲ, ಸುಖವಾಗಿರು," ಎಂದೆ.

ಹಿಲ್ಮಿ ಮಾತ್ರ ಅದನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. ತಾಂತ್ರಿಕ ಶಾಲೆಯಲ್ಲಿ ಓದಿದವನಲ್ಲವೇ! ಹಳೆಯ ಲಾರಿ ಟೈರು ತಂದು, ಕತ್ತರಿಸಿ, ಎರಡು ಶುಕ್ರವಾರಗಳಲ್ಲಿ ಹದಿನೆಂಟು ಮಗ್ಗಗಳ ಕಾಲಡಿಗೂ ದಪ್ಪ ರಬ್ಬರು ಇಟ್ಟ. ಮಗ್ಗಗಳು ನಡುಗುವುದು ನಿಂತಿತು, ಲಾಳಿ ನೆಟ್ಟಗೆ ಓಡಿತು, ಕಬ್ಬಿಣದ ಭಾಗಗಳು ಸವೆಯುವುದು ಕಡಿಮೆಯಾಯಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ಬೇಡ ಎನ್ನಲು ನಾನು ಯಾವ ಕಾರಣ ಕೊಡಲಿ? ಶನಿವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಪಾದವೂರಿದೆ. ನೆಲ ಹೆಣದ ಹಾಗೆ ತಣ್ಣಗಿತ್ತು.

ಕೂಗುವುದನ್ನು ನಾನು ನಿಲ್ಲಿಸಲಿಲ್ಲ. ದಿನಕ್ಕೆ ನಾಲ್ಕೈದು ಸಲ ಯಾವುದೋ ಒಂದು ನಂಬರು ಕೂಗುತ್ತಿದ್ದೆ. ಎಳೆ ಹೋಗಿರದಿದ್ದರೂ ನೇಕಾರರು ಮಗ್ಗ ನಿಲ್ಲಿಸಿ ಹುಡುಕುತ್ತಿದ್ದರು. ಸಿಗದಿದ್ದರೆ ತಮ್ಮ ಕಣ್ಣನ್ನೇ ಬೈದುಕೊಳ್ಳುತ್ತಿದ್ದರು. ಹೆದರಿಕೆ ಎಂಬುದು ಅಷ್ಟು ಒಳ್ಳೆಯ ಆಳು.

ಮೇ ತಿಂಗಳಲ್ಲಿ ಕೈರೋದ ವ್ಯಾಪಾರಿ ಹಾಜ್ ಶಿನ್ನಾವಿ ಒಂದು ಥಾನು ವಾಪಸು ತಂದು ಅಂಗಳದಲ್ಲಿ ಉರುಳಿಸಿದ. ಬಟ್ಟೆಯ ಉದ್ದಕ್ಕೂ ಒಂದು ಎಳೆ ಕಾಣೆಯಾಗಿತ್ತು. ನಲವತ್ತು ಮೀಟರು ಒಂದೇ ಗೀರು. ಅದು ಏಳನೆಯ ಮಗ್ಗದ ಬಟ್ಟೆ. ಉಸ್ತಾ ಮಿತ್ವಲ್ಲಿ ನೇಯ್ದದ್ದು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಬ್ಬಿನ ಹಾಲು ಕುಡಿಸಲು ಕರೆದೊಯ್ಯುತ್ತಿದ್ದನಲ್ಲ, ಅದೇ ಮಿತ್ವಲ್ಲಿ. ಇಪ್ಪತ್ತಾರು ವರ್ಷ ನಮ್ಮಲ್ಲಿ ದುಡಿದವನು. ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು.

"ಹಾಜ್ಜಾ, ನನ್ನ ಕಣ್ಣು ಮಂಜು ಅಂತ ನಿಮಗೆ ಗೊತ್ತು," ಎಂದ ಅವನು, ಎಲ್ಲರೆದುರು. "ನಾನು ನಿಮ್ಮ ಕೂಗಿಗೇ ಕಾಯ್ತಿದ್ದೆ. ನೀವು ಕೂಗ್ಲಿಲ್ಲ."

ಶಿನ್ನಾವಿ ನನ್ನತ್ತ ನೋಡಿದ. ನೇಕಾರರೂ ನೋಡಿದರು.

"ಎಳೆ ತಾನಾಗಿ ಹೋಗಿದ್ರೆ ನನ್ನ ಕಿವಿಗೆ ಬೀಳ್ತಿತ್ತು," ಎಂದೆ. "ಬಿದ್ದಿಲ್ಲ ಅಂದ್ರೆ ಅದು ಹೋದದ್ದಲ್ಲ, ಮಗ್ಗ ನಿಂತಾಗ ನೀನು ಕತ್ತರಿಸಿದ್ದು. ಹಬ್ಬಕ್ಕೆ ಕೂಲಿ ಏರಿಸ್ಲಿಲ್ಲ ಅಂತ ಹೊಟ್ಟೆಯುರಿ. ಏಳು, ಹೊರಡು."

ರಾವಿಯಾ, ಗೊತ್ತಿಲ್ಲದೆ ಹೇಳಿದೆ ಎಂದು ನಿನಗೆ ಸುಳ್ಳು ಬರೆಯಲಾರೆ. ಆ ಮಾತು ಬಾಯಿಂದ ಹೊರಡುವಾಗಲೇ ಅವನು ನಿರಪರಾಧಿ ಎಂದು ನನಗೆ ಗೊತ್ತಿತ್ತು. ಉಳಿದವರೆಲ್ಲ ನಂಬಿದರು, ಏಕೆಂದರೆ ನನ್ನ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಹಾಸಿನ ಎಳೆಯನ್ನು ಬೇಕೆಂದೇ ಕತ್ತರಿಸಿದ ನೇಕಾರನಿಗೆ ಮಹಲ್ಲಾದಲ್ಲಿ ಯಾರು ಮಗ್ಗ ಕೊಡುತ್ತಾರೆ? ರೈಲು ಗೇಟಿನ ಹತ್ತಿರ ಕೈಗಾಡಿಯಲ್ಲಿ ಉಪ್ಪುನೀರಲ್ಲಿ ನೆನೆಸಿದ ತುರ್ಮುಸ್ ಕಾಳು ಮಾರತೊಡಗಿದ. ಅವನ ಮಗಳ ಮದುವೆಯ ಮಾತು ಮುರಿದುಬಿತ್ತು. ನಾನು ಆ ದಾರಿಯಲ್ಲಿ ಹೋಗುವುದನ್ನು ಬಿಟ್ಟೆ.

ಇನ್ನೊಂದು ಥಾನು ಹೀಗೆ ಹಾಳಾಗಬಾರದೆಂದು ಹಿಲ್ಮಿ ಮತ್ತೊಂದು ಉಪಾಯ ಹುಡುಕಿದ. ಸೆಪ್ಟೆಂಬರ್ ಮೊದಲ ವಾರ ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಮುಚ್ಚಿದ ಗಿರಣಿಯ ಗುಜರಿಯಿಂದ ಎರಡು ಮೂಟೆ ಉಕ್ಕಿನ ತೆಳು ಎಲೆಗಳನ್ನು ತಂದ. ಹಾಸಿನ ಒಂದೊಂದು ಎಳೆಯ ಮೇಲೂ ಒಂದೊಂದು ಎಲೆ ತೂಗುತ್ತದೆ. ಎಳೆ ತುಂಡಾದರೆ ಎಲೆ ಕೆಳಗಿನ ಪಟ್ಟಿಯ ಮೇಲೆ ಬೀಳುತ್ತದೆ, ಮಗ್ಗ ತಾನೇ ನಿಲ್ಲುತ್ತದೆ. ಕಣ್ಣೂ ಬೇಡ, ಕಿವಿಯೂ ಬೇಡ. "ಇನ್ನು ನೀವು ಆರಾಮಾಗಿ ಕೂತ್ಕೊಳ್ಳಿ ಯಮ್ಮಾ," ಎಂದ. ಮನೆಯ ಮುದಿ ಕತ್ತೆಗೆ ಹೇಳುವ ಮಾತು ಅದು.

ಅಕ್ಟೋಬರ್ ಹದಿಮೂರು, ಗುರುವಾರ. ಶಿನ್ನಾವಿ ಹೊಸ ಬಟ್ಟೆ ನೋಡಲು ಬಂದಿದ್ದ. ಅಂಗಳದಲ್ಲಿ ನನ್ನೆದುರು ಕೂತು ಚಹಾ ಕುಡಿಯುತ್ತಿದ್ದ. ಹೊಸ ಎಲೆಗಳನ್ನು ಹೊಗಳುತ್ತ, "ಇನ್ನು ಹಾಜ್ಜಾ ಕಿವಿಗೆ ರಜೆ," ಎಂದು ನಕ್ಕ. ನಾನು ಕೋಲು ಎತ್ತಿ ಕಲ್ಲಿಗೆ ಕುಟ್ಟಿದೆ. ತಿರುಗದೆ, ಗಂಟಲು ಬಿರಿಯುವಂತೆ ಕೂಗಿದೆ:

"ಏಳನೇದು! ಎಳೆ ಹೋಯ್ತು!"

ಶಿನ್ನಾವಿಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವನು ನನ್ನನ್ನು ನೋಡಿದ, ಶೆಡ್ಡನ್ನು ನೋಡಿದ, ಆಮೇಲೆ ಲೋಟದೊಳಕ್ಕೆ ನೋಡತೊಡಗಿದ. ಹಿಲ್ಮಿ ಶೆಡ್ಡಿನಿಂದ ಬಂದು ನನ್ನೆದುರು ಮಂಡಿಯೂರಿ ಕೂತ, ಮುಖ ಚೆನ್ನಾಗಿ ಕಾಣುವ ಹಾಗೆ.

"ಕರೆಂಟ್ ಹೋಗಿ ಕಾಲು ಗಂಟೆ ಆಯ್ತು ಯಮ್ಮಾ. ಒಂದು ಮಗ್ಗಾನೂ ಓಡ್ತಿಲ್ಲ."

ತಿರುಗಿ ನೋಡಿದೆ. ಶೆಡ್ಡಿನ ಬಾಗಿಲಲ್ಲಿ ನೇಕಾರರೆಲ್ಲ ಕೈ ಕಟ್ಟಿ ನಿಂತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಬ್ಬನನ್ನಾದರೂ ಹೊರಹಾಕಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ.

ಶಿನ್ನಾವಿ ಹೋದ ಮೇಲೆ ಹಿಲ್ಮಿ ಮತ್ತೆ ಎದುರು ಬಂದ.

"ಎಷ್ಟು ದಿನದಿಂದ ಹೀಗೆ ಸುಮ್ನೆ ಕೂಗ್ತಿದೀರಿ?"

"ನಿನ್ನ ರಬ್ಬರು ಬಂದಾಗಿನಿಂದ."

ಅವನು ಚುರುಕು, ಬೇಗ ಲೆಕ್ಕ ಹಾಕಿದ. "ಹಾಗಾದ್ರೆ ಮಿತ್ವಲ್ಲಿ ಕತ್ತರಿಸ್ಲಿಲ್ಲ. ಅವನು ನಿಮ್ಮ ಕೂಗಿಗೆ ಕಾಯ್ತಾನೇ ಇದ್ದ."

"ಹೂಂ."

"ಕರೆಸಿ ಯಮ್ಮಾ. ಎಲ್ಲರೆದುರು ತಪ್ಪಾಯ್ತು ಅನ್ನಿ. ಅವನಿಗೆ ಅಷ್ಟು ಸಾಕು."

ಎಂಟು ದಿನ ಯೋಚಿಸಿದೆ. ಆಮೇಲೆ ಮಿತ್ವಲ್ಲಿಗೆ ಹೇಳಿಕಳಿಸಿದೆ: ಬರಲಿ, ಏಳನೆಯ ಮಗ್ಗ ಅವನದೇ. ಆದರೆ ಬಂದು ಎಲ್ಲರೆದುರು "ನಾನೇ ಕತ್ತರಿಸಿದ್ದೆ, ಕ್ಷಮಿಸಿ" ಎಂದು ನನ್ನ ಕೈಗೆ ಮುತ್ತಿಡಬೇಕು. ಓಣಿಯೆಲ್ಲ ನೋಡುವಂತೆ ನಾನು ಮುಚ್ಚಿದ ಬಾಗಿಲು ಸುಮ್ಮನೆ ತೆರೆಯುವುದಿಲ್ಲ, ನಾನು ಕ್ಷಮಿಸಿದರೆ ಮಾತ್ರ ತೆರೆಯುತ್ತದೆ.

"ಮಾಡದ ತಪ್ಪಿಗೆ ಕ್ಷಮೆಯಾ?" ಎಂದ ಹಿಲ್ಮಿ. "ಅವನು ಬರೋದಿಲ್ಲ."

"ಬರ್ತಾನೆ. ಮನೇಲಿ ಮದುವೆಗೆ ಬಂದ ಮಗಳಿದಾಳೆ."

ಬಂದ. ತೊಳೆದ ಜಲ್ಲಾಬಿಯಾ ತೊಟ್ಟು, ಕೈಗೆ ಹತ್ತಿದ ತುರ್ಮುಸ್ ಉಪ್ಪನ್ನು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡು ಬಂದ. ನೇಕಾರರು ಸಾಲಾಗಿ ನಿಂತಿದ್ದರು. ನಾನು ಕುರ್ಚಿಯಲ್ಲಿ ಕೂತು ಕೈ ಚಾಚಿದೆ. "ನಾನೇ ಕತ್ತರಿಸಿದ್ದೆ ಹಾಜ್ಜಾ, ಕ್ಷಮಿಸಿ," ಎಂದ ನನ್ನ ಮುಖ ನೋಡಿ. ತುಟಿ ಸ್ಪಷ್ಟವಾಗಿ ಕಂಡಿತು. ಆಮೇಲೆ ಬಗ್ಗಿ ನನ್ನ ಕೈಯ ಮೇಲೆ ಬಾಯಿಟ್ಟ.

ಅಲ್ಲಿ ಅವನು ಇನ್ನೂ ಏನೋ ಹೇಳಿದ. ನನ್ನ ಚರ್ಮದ ಮೇಲೆ ಅವನ ಉಸಿರು ಆಡಿದ್ದು ತಿಳಿಯಿತು. ತಲೆ ತಗ್ಗಿತ್ತು, ತುಟಿ ಕಾಣಲಿಲ್ಲ. ಚಿಕ್ಕ ಮಾತಲ್ಲ, ಮೂರು ನಾಲ್ಕು ಉಸಿರಿನಷ್ಟು ಉದ್ದ. ಕತ್ತೆತ್ತಿ ಸಾಲನ್ನು ನೋಡಿದೆ. ಎಲ್ಲರಿಗೂ ಕೇಳಿಸಿತ್ತು. ಒಬ್ಬ ಕಣ್ಣು ಒರೆಸಿಕೊಂಡ. ಒಬ್ಬ ಬೆರಳು ಕಚ್ಚಿದ. ಹಿಲ್ಮಿ ಗೋಡೆಗೆ ತಿರುಗಿ ನಿಂತ.

ಮಿತ್ವಲ್ಲಿ ನೆಟ್ಟಗಾಗಿ, ಒಳಗೆ ಹೋಗಿ, ತನ್ನ ಮಗ್ಗ ಶುರುಮಾಡಿದ.

"ಏನಂದ?" ಎಂದು ಹಿಲ್ಮಿಯನ್ನು ಕೇಳಿದೆ.

"ಹೇಳಬೇಕಾದ್ದು ಹೇಳಿದ."

"ಹೇಳು. ಇಲ್ಲಾ ಈ ಮನೆಯಿಂದ ಹೊರಡು."

"ನಿಮ್ಮ ಕಿವಿಯನ್ನೇ ಕೇಳಿ ಯಮ್ಮಾ," ಎಂದ. ತನ್ನ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ. ನಾನು ತಡೆಯಲಿಲ್ಲ. ಕಫ್ರ್ ಅಲ್-ದವ್ವಾರಿನ ಯಾವುದೋ ಕಾರ್ಖಾನೆಯಲ್ಲಿದ್ದಾನಂತೆ. ನೇಕಾರರನ್ನು ಒಬ್ಬೊಬ್ಬರಾಗಿ ಕರೆಸಿ ಕೇಳಿದೆ. "ಕ್ಷಮೆ ಕೇಳಿದ ಹಾಜ್ಜಾ, ಅಷ್ಟೇ," ಎಂದರು, ಹದಿನೇಳು ಬಾಯಿಯಿಂದ ಒಂದೇ ಮಾತು.

ಈಗ ನನ್ನ ತೀರ್ಮಾನ. ಅದು ನಡೆದುಹೋಗಿದೆ, ಇದರಲ್ಲಿ ನಿನ್ನ ಸಲಹೆ ಕೇಳುತ್ತಿಲ್ಲ. ಹದಿನೇಳು ಮಗ್ಗಗಳಿಗೆ ಹಿಲ್ಮಿಯ ರಬ್ಬರೂ ಇದೆ, ಉಕ್ಕಿನ ಎಲೆಗಳೂ ಇವೆ. ಲಾಭವನ್ನು ಕಾಲಿನಿಂದ ಒದೆಯುವಷ್ಟು ಮೂರ್ಖಳಲ್ಲ ನಾನು. ಏಳನೆಯದರಿಂದ ಮಾತ್ರ ಎಲೆಗಳನ್ನು ಬಿಚ್ಚಿಸಿದೆ. ಅದರ ನಾಲ್ಕು ಕಾಲಡಿಯ ರಬ್ಬರನ್ನೂ ಕೀಳಿಸಿದೆ. ಆ ಮಂಜುಗಣ್ಣಿನ ಮನುಷ್ಯ ಹಿಂದಿನ ಹಾಗೆಯೇ ನನ್ನ ಕೂಗಿಗೆ ಕಾಯಬೇಕು. ಇದನ್ನು ಬರೆಯುವಾಗಲೂ ನನ್ನ ಪಾದ ಕಲ್ಲಿನ ಮೇಲಿದೆ. ಹದಿನೆಂಟು ಬಡಿತಗಳಿದ್ದ ನೆಲದಲ್ಲಿ ಈಗ ಅವನೊಬ್ಬನ ಬಡಿತ. ಇವತ್ತು ಎರಡು ಸಲ ಎಳೆ ಹೋಯಿತು. ಎರಡು ಸಲವೂ ಕೂಗಿದೆ. ನಿಲ್ಲಿಸಿದ, ಗಂಟು ಹಾಕಿದ, ಶುರುಮಾಡಿದ. ನನ್ನ ಕಡೆ ನೋಡಲಿಲ್ಲ.

ದೇವರು ನಿನ್ನ ಮನೆಯನ್ನು ಕಾಯಲಿ, ನಿನ್ನ ಕೈಹಿಡಿದವನಿಗೆ ಆಯುಷ್ಯ ಕೊಡಲಿ. ಅವನ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ತಾಯಿ,
ಇನ್ಶಿರಾಹ್

ಮತ್ತೆ: ಔಷಧದಂಗಡಿಯ ಫೋನಿಗೆ ನೀನು ಕರೆ ಮಾಡಿದೆಯಲ್ಲ, ಅವತ್ತು ಹಿಲ್ಮಿ ಆ ಎಲೆಗಳನ್ನು ತರಲು ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ದ. ಯಾವಾಗಲೂ ಅವನೇ ಕೇಳಿ ನನಗೆ ಹೇಳುತ್ತಿದ್ದ. ಯಂತ್ರದೊಳಕ್ಕೆ ಕೂಗುವುದು ನನ್ನ ಘನತೆಗೆ ತಕ್ಕುದಲ್ಲ ಎಂದು ನಾನೇ ಹಾಗೆ ಮಾಡಿಸಿದ್ದೆ. ಅವತ್ತು ಒಬ್ಬಳೇ ಇದ್ದೆ. ಅಂಗಡಿಯಲ್ಲಿ ಜನರಿದ್ದರು. ರಿಸೀವರನ್ನು ಸತ್ತ ಕಿವಿಗೆ ಒತ್ತಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಒಳ್ಳೇದು, ಒಳ್ಳೇದು, ದೇವರು ಹೆಚ್ಚಿಸ್ಲಿ, ಮುಂದಿನ ಬೇಸಿಗೆಗೆ ಮಗೂನ ಕರ್ಕೊಂಡು ಬಾ," ಎಂದೆ. ನೀನು ಆಗ ಹೇಳುತ್ತಿದ್ದುದು ಏನೆಂದು ನಾಲ್ಕು ವಾರದ ಮೇಲೆ ಮಮ್ದೂಹನ ಕಾಗದದಲ್ಲಿ ಓದಿದೆ: ನನ್ನ ಹೆಸರಿಟ್ಟಿದ್ದ ನಾಲ್ಕು ವರ್ಷದ ಕೂಸನ್ನು ಅವತ್ತು ಬೆಳಿಗ್ಗೆ ಮಣ್ಣು ಮಾಡಿ ಬಂದಿದ್ದೆಯಂತೆ. ಆ ಕಾಗದವನ್ನು ಹಿಲ್ಮಿಗೂ ತೋರಿಸಿಲ್ಲ.

ಫೋನು ಮಾಡಬೇಡ. ಕುವೈತಿನಿಂದ ಇಲ್ಲಿಗೆ ತಂತಿ ಬರುತ್ತದೆ, ನೆಲ ಬರುವುದಿಲ್ಲ. ಬೈಯುವುದಿದ್ದರೆ ಇಲ್ಲಿಗೇ ಬಾ, ಎದುರು ನಿಂತು ಬೈ. ಬೈಯುವಾಗ ತಲೆ ತಗ್ಗಿಸಬೇಡ.