ಎರಡು ತಂತಿಯ ಕೆಲಸ

ಮೊಂಟಾನಾ, ಫೆಬ್ರವರಿ

ಅಪ್ಪಾ,

ಟ್ರಕ್ಕಿನ ಬೆನ್ನ ಮೇಲಿನ ನಿನ್ನ ಪುಟ್ಟ ಮನೆಗೆ, ಆ ಕ್ಯಾಂಪರಿಗೆ, ಇವತ್ತು ಹೀಟರ್ ಹತ್ತಿಸುವ ಹೊಸ ಥರ್ಮೋಸ್ಟಾಟ್ ಹಾಕಿದೆ. ನಾಳೆ ಕೊಳ್ಳುವವರು ಬರುತ್ತಾರೆ. "ಹೀಟರ್ ಹತ್ತದಿದ್ರೆ ಯಾರು ತಗೋತಾರೆ ಅದನ್ನ?" ಎಂದು ನನ್ನ ಗಂಡ ರಾಯ್ಸ್ ಗೊಣಗುತ್ತಲೇ ಇದ್ದ.

ನೀನು ನಮ್ಮ ಅಂಗಳದಲ್ಲೇ ಅದನ್ನು ನಿಲ್ಲಿಸಿಕೊಂಡು ಅದರೊಳಗೇ ಇದ್ದೆ. ಅಡುಗೆಮನೆಯ ಕಿಟಕಿಯಿಂದ "ಬೆಚ್ಚಗಿದ್ಯಾ ಅಪ್ಪಾ?" ಎಂದು ನಾನು ಕೂಗಿದರೆ, "ಥರ್ಮೋಸ್ಟಾಟ್ ಸ್ವಲ್ಪ ಮೊಂಡು ಕಣೇ, ನಿನ್ನ ಹಾಗೇ. ಕಿಟಕಿ ಹಾಕ್ಕೋ, ಮನೆ ತಣ್ಣಗಾಗುತ್ತೆ" ಎನ್ನುತ್ತಿದ್ದೆ.

ನಾನು ಹಾಕಿಕೊಳ್ಳುತ್ತಿದ್ದೆ.

ಎರಡೇ ತಂತಿ, ಎರಡೇ ಸ್ಕ್ರೂ. ಬೆರಳು ಮರಗಟ್ಟುವ ಮೊದಲೇ ಕೆಲಸ ಮುಗಿಯಿತು. ಹೀಟರ್ ಗುರ್ರೆಂದು ಹತ್ತಿಕೊಂಡಿತು. ಕೋಟು ಬಿಚ್ಚಿ ನಿನ್ನ ಹಾಸಿಗೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ, ಸೆಟೆದುಹೋಗಿದ್ದ ನಿನ್ನನ್ನು ಹೊರಗೆ ಎತ್ತಿ ತಂದ ದಿನದಿಂದ ಹೆಪ್ಪುಗಟ್ಟಿದ್ದ ಕಾಫಿ, ನಿನ್ನ ಕಪ್ಪಿನಲ್ಲಿ ಕರಗತೊಡಗಿತು.