ಯಾದಿಯೊಳಗಿನ ಏಳನೇ ಅಂಕಿ

ಬಹಮನ್ ೧೨, ಫಸಲಿ ೧೩೪೮. ನಾರಾಯಣಖೇಡ.

ಕಾಗದಪತ್ರ ನೋಡೋ ನಮ್ಮ ಪೇಶಕಾರ ಹಣಮಂತರಾಯರಿಗೆ ಒಮ್ಮಿಂದೊಮ್ಮೆ ಓದುವವರ ಕಣ್ಣಿನ ಚಿಂತಿ ಯಾಕ ಹತ್ತಿತು? ಜಾಗೀರಿನ ಜಮೀನು ದಫ್ತರದ ಮೊದಲ ಹಾಳಿ ಮ್ಯಾಲಿನ ಯಾದಿ ಎಂಟು ವರ್ಷ ಹಂಗೇ ಇತ್ತು, ಅಂಕಿಗೆ ಜಮೀನಿನ ಹೆಸರು ಅಂಟಿಕೊಂಡು. ಮೊನ್ನೆ ತಾವೇ ಕರಡು ಕೊಟ್ಟು, "ಅಂಕಿ ಬ್ಯಾರೆ ಬರೀರಿ, ಸಾಲಿನ ನಡುವ ಜಾಗ ಬಿಡ್ರಿ. ಜಾಗೀರದಾರ ಸಾಹೇಬರಿಗೆ ನೋಡಿದ ಕೂಡಲೇ ತಿಳೀಬೇಕು" ಅಂದರು. ಅವಾಗೇ ಸಂಶಯ ಬರಬೇಕಿತ್ತು ನನಗ.

ನಾ ಬರೆದ ನಕಲು ಚಂದ ಆತು. ಒಂದರಿಂದ ಹನ್ನೊಂದು. ಇವತ್ತು ರಾಯರು "ಹಳೇದು ಒಲಿಗೆ ಹಾಕ್ರಿ" ಅಂದಾಗ ಎರಡೂ ಬಾಜುಬಾಜು ಇಟ್ಟು ನೋಡಿದೆ. ಹಳೇದರಾಗ ಹನ್ನೆರಡು! ಏಳನೇದು, ಕಂಗ್ಟಿ ಊರಿನ ಕುರಿ ಮೇಯುವ ಗಾಯರಾಣ, ಹೊಸದರಾಗ ಇಲ್ಲ. ಅದರ ಮ್ಯಾಲ ರಾಯರ ಅಳಿಯನ ಕಣ್ಣು ಬಿದ್ದದ ಅಂತ ಕುರಿ ಕಾಯೋ ಪೀರಪ್ಪ ಹೇಳಿದಾಗ ನಾನು ನಕ್ಕಿದ್ದೆ. ಕರಡು ಅವರದು, ಅಕ್ಷರ ಮಾತ್ರ ನಂದು.

ಅವರೇ ಬಿಡಿಸಿದ ಜಾಗದಾಗ, ಆರು ಏಳರ ನಡುವ, ಗಾಯರಾಣ ತುರುಕಿ ಮುಂದಿನ ಅಂಕಿ ಎಲ್ಲ ತಿದ್ದಿ ಬಂದೀನಿ. ಹಳೇ ಹಾಳಿ ಈ ದಿನಚರಿಯೊಳಗೇ ಅದ. ಹೊಸದು ಈಗ ಓದಾಕ ಭಾಳ ತ್ರಾಸ.

ನಾಳೆ ಬೈತಾರ. ಬೈಲಿ. ಬೈಬೇಕಂದ್ರ ಯಾವ ಸಾಲು ಕೆಟ್ಟದ ಅಂತ ಸಾಹೇಬರ ಮುಂದ ಬೆರಳಿಟ್ಟು ತೋರಿಸಬೇಕಾಗ್ತದ.