ಸಗಣಿ ಗುಂಡಿಯ ಹೊದಿಕೆ

ಜೂನ್ ೧೧, ಮಂಗಳವಾರ

ನಮ್ಮ ಇಲಾಖೆ ಕೊಟ್ಟ ಹೊದಿಕೆ ಅಕ್ಕನ ಸಗಣಿ ಗುಂಡಿಯ ಮೇಲಿಲ್ಲ, ಹುಲ್ಲಿನ ಬಣವೆಯ ಮೇಲಿದೆ. ಭೂಮಿಯನ್ನು ಕಾಯಿಸುವ ಮೀಥೇನ್ ಅನಿಲ ಗುಂಡಿಯಿಂದ ಎಂದಿನಂತೆ ಮೇಲೇಳುತ್ತಿದೆ. ಈ ಹೊದಿಕೆ ಯೋಜನೆಯ ಕರಡು ಬರೆದವಳು ನಾನೇ.

ರೇಗಿದೆ. ಅಕ್ಕ ನಕ್ಕಳು. "ಸಗಣಿಗೆ ಚಳಿ ಆಗುತ್ತೇನೇ? ಹುಲ್ಲು ನೆಂದು ಬೂಷ್ಟು ಹಿಡಿದ್ರೆ ಹಸು ಏನು ನಿನ್ನ ವರದಿ ತಿನ್ನುತ್ತಾ?"

ಕರಡಿನಲ್ಲಿ ಗುಂಡಿಗೊಂದು, ಮೇವಿಗೊಂದು ಎಂದು ಎರಡು ಹೊದಿಕೆ ಬರೆದಿದ್ದೆ. "ಮೇವಿಗೂ ಅನಿಲಕ್ಕೂ ಏನಮ್ಮಾ ಸಂಬಂಧ?" ಎಂದು ನಿರ್ದೇಶಕರು ಎರಡನೆಯದನ್ನು ಹೊಡೆದುಹಾಕಿದಾಗ ಕೋಲೆ ಬಸವನ ಹಾಗೆ ತಲೆಯಾಡಿಸಿದೆ. ಅದೇ ಚುಚ್ಚುತ್ತಿದೆ. ಕವನ ಸಂಕಲನ ತೆರೆದಿಟ್ಟಿದ್ದೇನೆ, ಒಂದು ಸಾಲೂ ಒಳಗಿಳಿಯುತ್ತಿಲ್ಲ.

ನಾಳೆ ವರದಿ ಕೊಡಬೇಕು. ನಮೂನೆಯಲ್ಲಿ ಒಂದೇ ಪ್ರಶ್ನೆ: ಹೊದಿಕೆ ತಲುಪಿದೆಯೇ? ತಲುಪಿದೆ ಎಂದಷ್ಟೇ ಬರೆದರೆ ಯೋಜನೆ ಇನ್ನೂ ನೂರು ಊರಿಗೆ ಹೀಗೆಯೇ ಹೋಗುತ್ತದೆ. ಗುಂಡಿಗೆ ಬಳಸಿಲ್ಲ ಎಂದರೆ ಅಕ್ಕನ ಬಣವೆಯಿಂದ ಕಿತ್ತು ತರುತ್ತಾರೆ.

ಕೊನೆಗೆ ಷರಾ ಬರೆಯುವ ಜಾಗದಲ್ಲಿ, "ಮೇವಿಗೆ ಹೊದಿಕೆ ಕೊಡುವವರೆಗೆ ಯಾರೂ ಗುಂಡಿ ಮುಚ್ಚುವುದಿಲ್ಲ, ತಪ್ಪು ನಮ್ಮದು" ಎಂದು ಬರೆದೆ. ಬೆಳಿಗ್ಗೆ ನಿರ್ದೇಶಕರ ಮುಂದೆ ನಿಂತು ಇದನ್ನು ಓದಬೇಕು. ದನಿ ನಡುಗದಿದ್ದರೆ ಸಾಕು, ನಡುಗಿದರೂ ಈ ಸಲ ತಲೆಯಾಡಿಸುವುದಿಲ್ಲ.